ಬೆನ್ಫಿಕಾ ಸೇವ್, 2026ರ ಬೇಸಿಗೆ: ಯಾರನ್ನು ಮಾರಿದೆ, ಯಾರನ್ನು ಉಳಿಸಿಕೊಂಡೆ

ಫುಟ್‌ಬಾಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಗೇಮ್‌ನಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ ನಡೆಸುತ್ತಿರುವ ನನ್ನ ಸೇವ್‌ನ, ಅಂದರೆ ಉಳಿಸಿಟ್ಟು ಮುಂದುವರಿಸುವ ಆಟದ, ಮೂರನೇ ಸೀಸನ್ ಮುಗಿಯಿತು. ಲೀಗ್ ಗೆದ್ದೆವು, ಚಾಂಪಿಯನ್ಸ್ ಲೀಗ್‌ನಲ್ಲಿ ಕ್ವಾರ್ಟರ್ ಫೈನಲ್‌ಗೆ ನಿಂತೆವು. ಜುಲೈ 1ಕ್ಕೆ ಆಟಗಾರರನ್ನು ಕೊಂಡು ಮಾರುವ ಅವಧಿ, ಅಂದರೆ ವಿಂಡೋ, ತೆರೆದದ್ದೇ ತಡ, ಇನ್‌ಬಾಕ್ಸ್‌ನಲ್ಲಿ ಎರಡು ದೊಡ್ಡ ಆಫರ್. ಮಿಡ್‌ಫೀಲ್ಡರ್ ಜೊವಾವ್ ನೆವೆಸ್‌ಗೆ 9 ಕೋಟಿ ಯುರೋ, ಹನ್ನೊಂದನೇ ನಂಬರಿನ ಎಡ ವಿಂಗರ್‌ಗೆ (ಎಡ ಅಂಚಿನಿಂದ ದಾಳಿ ಮಾಡುವವನು) 5 ಕೋಟಿ. ಇಬ್ಬರಿಗೂ ಅವರು ಕೇಳುವಷ್ಟು ಸಂಬಳ ಕೊಟ್ಟರೆ ಕ್ಲಬ್ಬಿನ ಆಡಳಿತ ಬೋರ್ಡ್ ಹಾಕಿದ ಮಿತಿ ದಾಟುತ್ತದೆ. ಒಬ್ಬನಾದರೂ ಹೋಗಲೇಬೇಕು. ಈ ಸಲ ಪಂದ್ಯಗಳ ವಿವರ ಕಡಿಮೆ ಬರೆಯುತ್ತೇನೆ, ತಲೆ ತಿಂದದ್ದು ಇದೊಂದೇ ವಿಷಯ.

ಹೊಸದಾಗಿ ಓದುತ್ತಿರುವವರಿಗೆ: ಇದು ಫುಟ್‌ಬಾಲ್ ಮ್ಯಾನೇಜರ್ 2024. ಅದರ ಮುಂದಿನ ವರ್ಷದ ಆವೃತ್ತಿ ರದ್ದಾಯಿತು, 2026ರದ್ದು ಬಂದಿದೆ, ಆದರೆ ಈ ಸೇವ್ ಅರ್ಧಕ್ಕೆ ಬಿಡಲು ನನಗೆ ಮನಸ್ಸಿಲ್ಲ. ಕಾರವಾರದಲ್ಲಿ ಈಗ ಬಿಡದೆ ಮಳೆ. ಬೈತಖೋಲದ ನನ್ನ ಗೆಳೆಯನ ಬೋಟ್ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲೇ ಇರುತ್ತದೆ, ಹಾಗಾಗಿ ಸಂಜೆ ಅವನೂ ಬಂದು ಪಕ್ಕದಲ್ಲಿ ಕೂರುತ್ತಾನೆ. ಬೆನ್ಫಿಕಾ ಆರಿಸಿದ್ದೂ ಅವನೇ. ಅವನ ಅಜ್ಜಿಮನೆ ಗೋವಾದ ಕಾಣಕೋಣದಲ್ಲಿ, ಫುಟ್‌ಬಾಲ್ ಹುಚ್ಚು ಅಲ್ಲಿಂದಲೇ ಬಂದದ್ದು.

ಮೊದಲು ನೆವೆಸ್ ವಿಷಯ. ನಿಜವಾದ ಬೆನ್ಫಿಕಾ ಅವನನ್ನು 2024ರಲ್ಲೇ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬಿಗೆ ಸುಮಾರು 6 ಕೋಟಿ ಯುರೋಗೆ ಮಾರಿತು. ಮರುವರ್ಷ ಅವನು ಅಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ. ನನ್ನ ಸೇವ್‌ನಲ್ಲಿ ಇನ್ನೂ ನಮ್ಮವನೇ. ಹಿಂದಿನಿಂದ ಚೆಂಡು ಹೊರಬರುವುದು ಅವನ ಕಾಲಿನಿಂದ, ಚೆಂಡು ಕಸಿಯಲು ಮೇಲೆ ಬೀಳುವ ಎದುರಾಳಿಯ ಒತ್ತಡ (ಪ್ರೆಸ್) ಒಡೆಯುವುದೂ ಅವನೇ. ಗೋಲಿನ ಲೆಕ್ಕ ನೋಡಿದರೆ ಇದು ಕಾಣುವುದಿಲ್ಲ. ಅವನು ಗಾಯಗೊಂಡು ಕೂತಿದ್ದ ಫೆಬ್ರವರಿಯಲ್ಲಿ ನಾವು ಎಷ್ಟು ಪಾಯಿಂಟ್ ಬಿಟ್ಟೆವು ಎಂದು ನೋಡಿದರೆ ಕಾಣುತ್ತದೆ.

9 ಕೋಟಿ ದೊಡ್ಡ ಮೊತ್ತವೇ. ಆದರೆ ಮಾರಾಟದ ಹಣದಲ್ಲಿ ಬೋರ್ಡ್ ನನಗೆ ಬಿಡುವುದು ಶೇ 40 ಮಾತ್ರ, ಅಂದರೆ 3.6 ಕೋಟಿ. ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ತಂದ ಬದಲಿ ಹೆಸರುಗಳಲ್ಲಿ ಅಗ್ಗದವನಿಗೇ 6 ಕೋಟಿ. ನಮ್ಮ ಎರಡನೇ ತಂಡವಾದ ಬಿ ತಂಡದಲ್ಲಿ ಆ ಜಾಗಕ್ಕೆ ತಯಾರಾದ ಹುಡುಗ ಇಲ್ಲ. ಇನ್ನೊಂದು ತೊಡಕೂ ಇದೆ. ಚಾಂಪಿಯನ್ಸ್ ಲೀಗ್‌ನ 25 ಜನರ ಪಟ್ಟಿಯಲ್ಲಿ 8 ಜಾಗ ಕ್ಲಬ್ಬಿನ ದೇಶದಲ್ಲೇ ಬೆಳೆದವರಿಗೆ ಮೀಸಲು, ಅದರಲ್ಲಿ 4 ಜನ ನಮ್ಮ ಕ್ಲಬ್ಬಿನಲ್ಲೇ ತರಬೇತಾದವರಿರಬೇಕು, 15ರಿಂದ 21ರ ವಯಸ್ಸಿನೊಳಗೆ ಮೂರು ಸೀಸನ್ ಇಲ್ಲಿ ಕಳೆದವರು. ನಮ್ಮಲ್ಲಿ ಅಂಥವರು ಸರಿಯಾಗಿ ನಾಲ್ಕು, ಅವರಲ್ಲಿ ನೆವೆಸ್ ಒಬ್ಬ. ಅವನು ಹೋದರೆ ಆ ಜಾಗಕ್ಕೆ ಹೊರಗಿನಿಂದ ತಂದವನನ್ನು ಹಾಕುವಂತಿಲ್ಲ, ಪಟ್ಟಿಯೇ 24ಕ್ಕೆ ಇಳಿಯುತ್ತದೆ. ಆಫರ್ ಬಂದಾಗ ಎಲ್ಲರೂ ಮೊದಲು ಬೆಲೆ ನೋಡುತ್ತಾರೆ. ನಾನು ಮೊದಲು ತೆರೆದದ್ದು ಈ ನೋಂದಣಿಯ ಪುಟ.

ಬೆನ್ಫಿಕಾದ ಸ್ವಂತ ಚರಿತ್ರೆಯಲ್ಲೇ ಎರಡು ಉದಾಹರಣೆಗಳಿವೆ. 2019ರಲ್ಲಿ ಜೊವಾವ್ ಫೆಲಿಕ್ಸ್ 12.6 ಕೋಟಿ ಯುರೋಗೆ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದ. ಬದಲಿಗೆ ತಂದ ಸ್ಟ್ರೈಕರ್‌ಗಳಲ್ಲಿ ರೌಲ್ ಡಿ ಟೋಮಸ್ ಜನವರಿಯಲ್ಲೇ ಹೊರಟ, ಆ ಸಲದ ಲೀಗ್ ಪೋರ್ಟೊ ಪಾಲಾಯಿತು. 2023ರ ಜನವರಿ ಕೊನೆಯಲ್ಲಿ ಎಂಜೊ ಫರ್ನಾಂಡಿಸ್ 12.1 ಕೋಟಿಗೆ ಚೆಲ್ಸಿಗೆ ಹೋದ, ಅದೂ ಸೀಸನ್ ನಡುವೆ. ಆದರೂ ಬೆನ್ಫಿಕಾ ಲೀಗ್ ಗೆದ್ದಿತು. ಕೊನೆಯ ವಾರಗಳಲ್ಲಿ ಮಿಡ್‌ಫೀಲ್ಡ್ ಹಿಡಿದು ನಿಲ್ಲಿಸಿದವರಲ್ಲಿ ಆಗಿನ್ನೂ 18ರ ಹುಡುಗ ಇದೇ ನೆವೆಸ್. ಫೆಲಿಕ್ಸ್ ಒಬ್ಬ ಹೋದದ್ದಕ್ಕೇ ಲೀಗ್ ಹೋಯಿತು ಎನ್ನಲಾರೆ. ಆದರೆ ಬದಲಿ ಆಟಗಾರ ಮನೆಯಲ್ಲೇ ಇದ್ದಾನೋ ಇಲ್ಲವೋ ಎನ್ನುವುದು ಬೆಲೆಗಿಂತ ದೊಡ್ಡ ಪ್ರಶ್ನೆ ಎಂದು ನನಗೆ ಗಟ್ಟಿಯಾದದ್ದು ಇಲ್ಲಿ.

ಹನ್ನೊಂದನೇ ನಂಬರಿನವನದು ಬೇರೆಯೇ ಕಥೆ. 28 ವರ್ಷ, ಕಳೆದ ಸೀಸನ್ ಲೀಗ್‌ನಲ್ಲಿ 19 ಗೋಲು. ಪೋರ್ಟೊ ಅಂಗಳದಲ್ಲಿ 88ನೇ ನಿಮಿಷಕ್ಕೆ ಹೊಡೆದು ಲೀಗ್ ನಮ್ಮ ಕಡೆ ತಿರುಗಿಸಿದ್ದು ಅವನೇ. ಗೆಳೆಯನಿಗೆ ಜೀವ ಅವನೆಂದರೆ. ಆಫರ್ ತೆರೆದು ಓದುತ್ತಿದ್ದರೆ ಪಕ್ಕದಿಂದ, "ಎಂತ ಮಾರಾಯಾ, ಗೋಲ್ ಹೊಡೆಯುವವನನ್ನೇ ಮಾರ್ತ್ಯಾ?" ಎಂದ. ನನಗೂ ಅವನನ್ನು ಬಿಡಲು ಇಷ್ಟವಿರಲಿಲ್ಲ.

ಆದರೆ ಅವನ ಕರಾರು 2027ರ ಜೂನ್‌ಗೆ ಮುಗಿಯುತ್ತದೆ. ಹೊಸ ಕರಾರಿಗೆ ಅವನ ಏಜೆಂಟ್ ಕೇಳಿದ ಸಂಬಳ ನೆವೆಸ್‌ಗಿಂತ ಹೆಚ್ಚು. ಜನವರಿ 1 ದಾಟಿದರೆ ಅವನು ಹೊರದೇಶದ ಯಾವ ಕ್ಲಬ್ಬಿನ ಜೊತೆಗೂ ಮುಂಗಡವಾಗಿ ಸಹಿ ಹಾಕಬಹುದು, ಕರಾರು ಮುಗಿದವನಿಗೆ ಹಳೆಯ ಕ್ಲಬ್ ಹಣ ಕೇಳುವಂತಿಲ್ಲ ಎಂದ 1995ರ ಬಾಸ್ಮನ್ ತೀರ್ಪಿನ ನಂತರ ನಮಗೆ ಅದರಿಂದ ಒಂದು ಯುರೋ ಕೂಡ ಬಾರದು. ಶಿರಸಿಯಲ್ಲಿ ನಮ್ಮ ಮಾವ ದರ ಏರಲಿ ಎಂದು ಅಡಿಕೆ ಮೂಟೆ ತಿಂಗಳುಗಟ್ಟಲೆ ಇಟ್ಟುಕೊಂಡು ಕಾಯುತ್ತಾರೆ. ಅಡಿಕೆಗೆ ಕರಾರು ಮುಗಿಯುವ ದಿನವಿಲ್ಲ, ಮುನಿಸೂ ಇಲ್ಲ. ಆಟಗಾರನಿಗೆ ಎರಡೂ ಇವೆ. ಮೇಲಾಗಿ ಇವನ ಆಟವೆಲ್ಲ ವೇಗದ ಮೇಲೆ ನಿಂತದ್ದು, ಈ ಗೇಮ್‌ನಲ್ಲಿ ಮೂವತ್ತು ದಾಟಿದವರಿಗೆ ಮೊದಲು ಇಳಿಯತೊಡಗುವುದು ವೇಗದ ಅಂಕವೇ.

ಎಡಬದಿಗೆ ಬದಲಿ ಮನೆಯಲ್ಲೇ ಇದ್ದ. ಬೆನ್ಫಿಕಾದ ಸೆಯ್ಷಾಲ್ ಅಕಾಡೆಮಿಯಲ್ಲಿ ಬೆಳೆದ ಹುಡುಗ, ಬಿ ತಂಡದ ಪರವಾಗಿ ಎರಡನೇ ಡಿವಿಷನ್‌ನಲ್ಲಿ ಇಡೀ ವರ್ಷ ಆಡಿದವನು. ಗೇಮ್ 20ಕ್ಕೆ ಕೊಡುವ ಅಂಕಗಳಲ್ಲಿ ವೇಗ 16, ಡ್ರಿಬ್ಲಿಂಗ್ 14. ಡಿಸಿಷನ್ಸ್ (ಸರಿಯಾದ ನಿರ್ಧಾರ ತೆಗೆದುಕೊಳ್ಳುವ ಗುಣ) ಮಾತ್ರ 9, ಹಿಂದೆ ಓಡಿಬಂದು ಡಿಫೆನ್ಸ್‌ಗೆ ಕೈಜೋಡಿಸುವ ಗುಣ ಇನ್ನೂ ಬಂದಿಲ್ಲ. ಅವನನ್ನು ಆಡಿಸಬೇಕೆಂದರೆ ಹಿಂದೆ ಗಟ್ಟಿ ಎಡ ಬ್ಯಾಕ್, ಅಂದರೆ ಎಡಬದಿ ಕಾಯುವ ಡಿಫೆಂಡರ್ ಬೇಕು.

ಚೌಕಾಸಿಗೆ ಸಮಯ ಕೊಟ್ಟೆ. 5 ಕೋಟಿಗೆ ಒಪ್ಪದೆ 6.5 ಎಂದೆ. ಕೊನೆಗೆ ಕುದುರಿದ್ದು 5.8 ಕೋಟಿಗೆ: 4 ಕೋಟಿ ತಕ್ಷಣ, 1.8 ಕೋಟಿ ಎರಡು ವರ್ಷದ ಕಂತಿನಲ್ಲಿ, ಮುಂದಿನ ಮಾರಾಟದಲ್ಲಿ ಶೇ 15 ನಮಗೆ. 28ರವನು ಮತ್ತೆ ದೊಡ್ಡ ಬೆಲೆಗೆ ಮಾರಾಟವಾಗುವುದು ಅನುಮಾನ, ಹಾಗಾಗಿ ಶೇಕಡಾವಾರಿನ ಮೇಲೆ ಹಟ ಹಿಡಿಯದೆ ತಕ್ಷಣದ ಹಣದ ಮೇಲೆ ಹಿಡಿದೆ. ನನ್ನ ಪಾಲಿಗೆ ಬಂದ 1.6 ಕೋಟಿಯಲ್ಲಿ ಎಡ ಬ್ಯಾಕ್ ಬಂದ.

ಆಫರ್ ತಿರಸ್ಕರಿಸಿದ್ದಕ್ಕೆ ನೆವೆಸ್ ಬೇಸರಗೊಂಡು ಮಾತಿಗೆ ಬಂದ. ಇಂಥ ಹೊತ್ತಿನಲ್ಲಿ "ಇಷ್ಟು ಕೋಟಿ ಬಂದರೆ ಬಿಡುತ್ತೇನೆ" ಎಂದು ಮಾತು ಕೊಡುವ ಆಯ್ಕೆ ಪರದೆ ಮೇಲೆ ಇರುತ್ತದೆ. ಅದನ್ನು ಮುಟ್ಟಬೇಡಿ. ಆ ಮೊತ್ತ ವಿಂಡೋ ಮುಚ್ಚುವ ಆಗಸ್ಟ್ ಕೊನೆಯ ರಾತ್ರಿ ಬಂದರೆ ಬದಲಿ ಹುಡುಕಲು ಗಂಟೆಗಳೂ ಉಳಿಯುವುದಿಲ್ಲ, ಮಾತು ತಪ್ಪಿದರೆ ಅವನ ಜೊತೆಗಾರರೂ ಮುನಿಯುತ್ತಾರೆ. ಡಿಫೆನ್ಸ್ ಬಲಪಡಿಸುತ್ತೇನೆ ಎಂದು ಮಾತು ಕೊಟ್ಟೆ, ಎಡ ಬ್ಯಾಕ್ ಬಂದದ್ದರಿಂದ ಅದು ಹದಿನೈದು ದಿನದಲ್ಲೇ ಈಡೇರಿತು. ವಿಂಗರ್‌ನಿಂದ ಉಳಿದ ಸಂಬಳದ ಹಣ ಸೇರಿಸಿ 2030ರವರೆಗೆ ಹೊಸ ಕರಾರು ಮಾಡಿಸಿದೆ. ರಿಲೀಸ್ ಕ್ಲಾಸ್, ಅಂದರೆ ಯಾವ ಕ್ಲಬ್ ಕೊಟ್ಟರೂ ಅವನನ್ನು ಬಿಡಲೇಬೇಕಾದ ಮೊತ್ತದ ಷರತ್ತು, 12ರಿಂದ 13 ಕೋಟಿಗೆ ಏರಿತು. ಪೂರ್ತಿ ತೆಗೆಸಬೇಕೆಂದಿದ್ದೆ, ಏಜೆಂಟ್ ಒಪ್ಪಲಿಲ್ಲ.

ಈಗ ಗೇಮ್‌ನಲ್ಲಿ ಅಕ್ಟೋಬರ್ ಕೊನೆ. ಲೀಗ್‌ನಲ್ಲಿ ಮೊದಲ ಸ್ಥಾನ, ಸ್ಪೋರ್ಟಿಂಗ್ ಕ್ಲಬ್ ಎರಡು ಪಾಯಿಂಟ್ ಹಿಂದೆ. ಯುರೋಪಿನ ಪಟ್ಟಿಯಲ್ಲಿ 25 ಹೆಸರೂ ತುಂಬಿವೆ. ಎಡಬದಿಯ ಹುಡುಗ ಒಂಬತ್ತು ಪಂದ್ಯಗಳಲ್ಲಿ 3 ಗೋಲು ಹೊಡೆದಿದ್ದಾನೆ. ಗೋಲುಗಳು ಕಳೆದ ಸಲಕ್ಕಿಂತ ಕಡಿಮೆ, ಬಿಟ್ಟುಕೊಟ್ಟದ್ದೂ ಕಡಿಮೆ. 1–0ರ ಗೆಲುವು ಹೆಚ್ಚಾಗಿವೆ, ಗೆಳೆಯನಿಗೆ ಇದು ರುಚಿಸಿಲ್ಲ.

ಇನ್ನು ಕಣ್ಣಿಡಬೇಕಾದದ್ದು ಜನವರಿ ವಿಂಡೋ ಮೇಲೆ. ಯಾರಾದರೂ 13 ಕೋಟಿ ಪೂರ್ತಿ ಇಟ್ಟರೆ ನೆವೆಸ್‌ನನ್ನು ತಡೆಯುವ ಅಧಿಕಾರ ನನಗಿಲ್ಲ. ಅಷ್ಟರೊಳಗೆ ಆ ಜಾಗಕ್ಕೆ ಹುಡುಗನೊಬ್ಬನನ್ನು ತಯಾರು ಮಾಡಬೇಕು. ಬಿ ತಂಡದ 17ರ ಮಿಡ್‌ಫೀಲ್ಡರ್ ಒಬ್ಬನನ್ನು ಈ ವಾರ ಮುಖ್ಯ ತಂಡದ ಅಭ್ಯಾಸಕ್ಕೆ ಸೇರಿಸಿ, ಹಿರಿಯರನ್ನು ನೋಡಿ ಕಿರಿಯರು ಕಲಿಯುವ ಮೆಂಟರಿಂಗ್ ಗುಂಪುಗಳಲ್ಲಿ ನೆವೆಸ್‌ನದಕ್ಕೆ ಹಾಕಿದ್ದೇನೆ. ಕಪ್ ಪಂದ್ಯದಲ್ಲಿ ಅವನನ್ನು ಆಡಿಸಿ ನೋಡಿ ಮುಂದಿನ ಲಾಗ್‌ನಲ್ಲಿ ಬರೆಯುತ್ತೇನೆ.