ಸಹಿ ಹಾಕಿದ ಕೆಲಸ ಬಿಟ್ಟು ಜಾಸ್ತಿ ಕೊಡುವವರ ಕಡೆ ಹೋಗಬಹುದಾ?

"ಅಕ್ಕಾ, ಅಗ್ರಿಮೆಂಟಿಗೆ ಸೈನ್ ಹಾಕಿಬಿಟ್ಟಿದ್ದೀನಿ. ಈಗ ಬೇರೆಯವರು ಹೆಚ್ಚುಕಡಿಮೆ ಎರಡರಷ್ಟು ಕೊಡ್ತೀವಿ ಅಂತಿದ್ದಾರೆ. ಇದನ್ನ ಬಿಟ್ಟುಬಿಡಲಾ?" ಸ್ವಂತವಾಗಿ ಡಿಸೈನ್ ಕೆಲಸ ಮಾಡುವ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹಿಂದೆಯೇ ಇನ್ನೊಂದು ಬರುತ್ತದೆ: "ಕೋರ್ಟಿಗೆ ಹಾಕ್ತಾರಾ?"

ಕೆಲಸ ಇನ್ನೂ ಶುರುವಾಗಿಲ್ಲ ಅಂದರೆ, ಕೇಳಿ ಬಿಡಿಸಿಕೊಳ್ಳಿ. ಶುರುವಾಗಿದ್ದರೆ ಬರೀ ದುಡ್ಡಿಗಾಗಿ ಬಿಡಬೇಡಿ. ಫೋನ್ ಎತ್ತದೆ ಮಾಯವಾಗುವುದಂತೂ ಯಾವಾಗಲೂ ಕೂಡದು. ಇದು ನನ್ನ ಉತ್ತರ.

ಕೋರ್ಟಿನ ಮಾತು ಮೊದಲು ಮುಗಿಸೋಣ. ನಿಮ್ಮನ್ನು ಕೂರಿಸಿ ಬಲವಂತವಾಗಿ ಲೋಗೋ ಮಾಡಿಸಲು ಕೋರ್ಟಿಗೆ ಆಗುವುದಿಲ್ಲ. ಒಬ್ಬರ ಸ್ವಂತ ಕೌಶಲವನ್ನೇ ನಂಬಿದ ಒಪ್ಪಂದವನ್ನು ಹಾಗೆ ಜಾರಿ ಮಾಡಿಸುವಂತಿಲ್ಲ ಎಂದು 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಆದರೆ ನಷ್ಟ ಕಟ್ಟಿಕೊಡಿ ಎಂದು ಕೇಳಬಹುದು. 1872ರ ಕಾಂಟ್ರಾಕ್ಟ್ ಕಾಯ್ದೆಯ 73ನೇ ಸೆಕ್ಷನ್ ಇರುವುದೇ ಅದಕ್ಕೆ. 80,000 ರೂಪಾಯಿಗೆ ಒಪ್ಪಿದ ಕೆಲಸವನ್ನು ನೀವು ಬಿಟ್ಟಿರಿ, ಅವರು ಅದನ್ನೇ ಬೇರೆಯವರಿಗೆ 1,10,000 ಕೊಟ್ಟು ಮಾಡಿಸಿದರು ಅಂದುಕೊಳ್ಳಿ. ಆ 30,000 ನಿಮ್ಮಿಂದ ಕೇಳುವ ಹಕ್ಕು ಅವರಿಗಿದೆ.

"ಬಿಟ್ಟರೆ ಐದು ಲಕ್ಷ ದಂಡ" ಅಂತ ಬರೆದಿದ್ದರೆ ಕಂಗಾಲಾಗಬೇಡಿ. 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನು ಕೋರ್ಟ್ ಕೊಡಿಸುತ್ತದೆ. ಹಾಗಂತ ಆ ಸಾಲನ್ನು ಹಗುರವಾಗಿ ನೋಡುವಂತೆಯೂ ಇಲ್ಲ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬೇರೆ ಬ್ಯಾಂಕಿಗೆ ಹೋದಾಗ 2 ಲಕ್ಷ ಕಟ್ಟಬೇಕಾಯಿತು. ಆ ಷರತ್ತು ಸರಿ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನೌಕರಿಯ ಪ್ರಕರಣ, ನಿಜ. ಆದರೂ ಸಹಿಗೆ ಬೆಲೆ ಇದೆ ಅಂತ ಗೊತ್ತಾಗುತ್ತದಲ್ವಾ?

ಒಪ್ಪಂದದಲ್ಲಿ ಇನ್ನೊಂದು ಸಾಲು ಇದೆಯಾ ಹುಡುಕಿ: "ಈ ಅವಧಿಯಲ್ಲಿ ಬೇರೆಯವರಿಗೆ ಕೆಲಸ ಮಾಡುವಂತಿಲ್ಲ." ಇದು ಅಪಾಯದ ಸಾಲು. 1852ರಲ್ಲಿ ಲಂಡನ್ನಿನಲ್ಲಿ ಯೋಹಾನ್ನಾ ವಾಗ್ನರ್ ಎಂಬ ಆಪೆರಾ ಗಾಯಕಿ ಲಮ್ಲಿ ಎಂಬುವವರ ಥಿಯೇಟರಿನಲ್ಲಿ ಮಾತ್ರ ಹಾಡುವುದಾಗಿ ಒಪ್ಪಿದ್ದರು. ಆಮೇಲೆ ಗೈ ಎಂಬುವವರು ಹೆಚ್ಚು ದುಡ್ಡು ಕೊಡುತ್ತೇನೆಂದರು. ಲಮ್ಲಿಗಾಗಿ ಹಾಡಲೇಬೇಕು ಎಂದು ಕೋರ್ಟ್ ಹೇಳಲಿಲ್ಲ. ಗೈ ಅವರ ಕಡೆ ಹಾಡಕೂಡದು ಎಂದು ತಡೆಯಾಜ್ಞೆ ಕೊಟ್ಟಿತು. ಮರುವರ್ಷ, ಆಸೆ ಹುಟ್ಟಿಸಿದ ಗೈ ಮೇಲೂ ದಾವೆ ಹೂಡಬಹುದು ಎಂಬ ತೀರ್ಪು ಬಂತು. ನಮ್ಮ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 42ನೇ ಸೆಕ್ಷನ್ನಿನಲ್ಲೂ ಇಂಥ ತಡೆಯಾಜ್ಞೆಗೆ ಜಾಗವಿದೆ.

ಇಷ್ಟೆಲ್ಲ ಇದ್ದರೂ ಎಂಬತ್ತು ಸಾವಿರಕ್ಕೆ ಕೋರ್ಟ್ ಮೆಟ್ಟಿಲು ಹತ್ತುವವರು ಕಡಿಮೆ. ವಕೀಲರ ಫೀಸೇ ಅಷ್ಟಾಗಬಹುದು. ಇದನ್ನು ತಿಳಿದೇ ಕೆಲವರು ಜಾರಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಆ ಕಡೆ ಇರುವವರು ಯಾವಾಗಲೂ ದೊಡ್ಡ ಕಂಪನಿಯಲ್ಲ. ಒಬ್ಬ ಸಣ್ಣ ಪ್ರಕಾಶಕರನ್ನು ನೆನೆಸಿಕೊಳ್ಳಿ. ಪುಸ್ತಕ ಬಿಡುಗಡೆಗೆ ಹಾಲ್ ಬುಕ್ ಆಗಿದೆ. ಆಹ್ವಾನ ಪತ್ರಿಕೆ ಹಂಚಿ ಆಗಿದೆ. ಪ್ರೆಸ್ಸಿನವರು ದಿನ ಕೊಟ್ಟಿದ್ದಾರೆ. ಒಳಪುಟಗಳ ವಿನ್ಯಾಸ ಅರ್ಧಕ್ಕೆ ನಿಂತಿದೆ, ಮುಖಪುಟ ಬಂದಿಲ್ಲ, ಡಿಸೈನರ್ ಫೋನ್ ಎತ್ತುತ್ತಿಲ್ಲ. ಹೊಸಬರು ಬಂದರೆ ಅರ್ಧ ಆದದ್ದನ್ನು ಮುಂದುವರಿಸುವುದಿಲ್ಲ, ಮೊದಲಿಂದ ಮಾಡುತ್ತಾರೆ. ಆ ಪ್ರಕಾಶಕರು ಮುಂದೆ ಇನ್ನೊಬ್ಬ ಹೊಸ ಹುಡುಗನಿಗೆ ಮುಂಗಡ ಕೊಡುವ ಮೊದಲು ಹತ್ತು ಸಲ ಯೋಚಿಸುತ್ತಾರೆ. ಸಹಿಯಾದ ಮೇಲೆ ಕ್ಲೈಂಟ್ ಕೈಕೊಟ್ಟರೆ ನಾವು ಎಷ್ಟು ಕೂಗಾಡುತ್ತೇವೆ! ಆಗ ನಮ್ಮ ಕೈಯಲ್ಲಿರುವುದೂ ಇದೇ ಕಾಗದ. ಹೇಳಿದ ದಿನಕ್ಕೆ ಅವರು ಮುಂಗಡ ಕೊಟ್ಟಿಲ್ಲ ಅಂದರೆ ಮಾತು ಬೇರೆ. ಆಗ ನನ್ನನ್ನು ಬಿಟ್ಟುಬಿಡಿ ಎಂದು ಧೈರ್ಯವಾಗಿ ಕೇಳಿ.

ಬಿಡಲೇಬೇಕು ಅನ್ನಿಸಿದರೆ ಒಪ್ಪಂದವನ್ನು ಪೂರ್ತಿ ಓದಿ. ಹದಿನೈದು ದಿನದ ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಬಿಡಬಹುದು ಎಂದಿದ್ದರೆ, ಹಾಗೆ ಬಿಡುವುದು ಒಪ್ಪಂದ ಮುರಿದಂತೆ ಆಗುವುದಿಲ್ಲ. ಅಂಥ ಸಾಲಿಲ್ಲವಾದರೆ ನೇರವಾಗಿ ಕೇಳಿ. ಇಬ್ಬರೂ ಒಪ್ಪಿ ರದ್ದು ಮಾಡಿದರೆ ಕಾಂಟ್ರಾಕ್ಟ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಅಲ್ಲಿಗೆ ಮುಗಿಯಿತು. ಒಪ್ಪಿಗೆಯನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಅಜ್ಜಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಬೇಡಿ. ನಮ್ಮ ಕೆಲಸದ ಲೋಕ ಬಹಳ ಚಿಕ್ಕದು, ಹೊಸ ಕೆಲಸ ಹೊರಬಂದ ದಿನವೇ ಅವರಿಗೆ ತಿಳಿಯುತ್ತದೆ. ಅದೇ ದರಕ್ಕೆ ಮಾಡಿಕೊಡುವ ಒಳ್ಳೆಯ ಗೆಳೆಯರನ್ನು ಮೊದಲೇ ಕೇಳಿ ಒಪ್ಪಿಸಿ, ಆಮೇಲೆ ಮಾತಾಡಿ. ಹೀಗೆ ಹೋದವರನ್ನು ಬೈಯದೆ ಕಳಿಸಿದವರನ್ನು ನಾನು ಬಲ್ಲೆ.

ಇದಕ್ಕೂ ಮೊದಲು ಜಾಸ್ತಿ ಕೊಡ್ತೀವಿ ಅಂದವರನ್ನೇ ಒಮ್ಮೆ ಕೇಳಿನೋಡಿ: "ಈ ಕೆಲಸ ಮುಗಿಸಿ ಬರ್ತೀನಿ, ಕಾಯ್ತೀರಾ?" ಇದನ್ನು ಕೇಳದೇ ಒದ್ದಾಡುವವರೇ ಜಾಸ್ತಿ. ಕಾಯಲು ಒಪ್ಪುವವರು ಎಷ್ಟೋ ಜನ ಇದ್ದಾರೆ.

ಮುಂಗಡ ಹಿಂದಿರುಗಿಸುವಾಗ ಒಂದು ಲೆಕ್ಕ ತಪ್ಪಬೇಡಿ. 40,000 ಮುಂಗಡದಲ್ಲಿ ಶೇ. 10 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ ನಿಮ್ಮ ಖಾತೆಗೆ 36,000 ಹಾಕಿರುತ್ತಾರೆ. ಉಳಿದ 4,000 ನಿಮ್ಮ ಪ್ಯಾನ್ ಹೆಸರಿನಲ್ಲೇ ತೆರಿಗೆಯಾಗಿ ಕಟ್ಟಿರುತ್ತಾರೆ, ಅಂದರೆ ಅದೂ ನಿಮಗೆ ಬಂದ ದುಡ್ಡೇ. ಅದರ ಲೆಕ್ಕ ಹೇಗೆ ಅಂತ ಅವರ ಅಕೌಂಟೆಂಟ್ ಜೊತೆ ಅದೇ ವಾರ ಮಾತಾಡಿ. ಜಿಎಸ್‌ಟಿ ನೋಂದಣಿ ಇದ್ದರೆ ರಿಫಂಡ್ ವೋಚರ್ ಕೊಡಿ. ಅಲ್ಲಿಯವರೆಗೆ ಮಾಡಿದ ಕೆಲಸದ ಫೈಲುಗಳನ್ನು, ತೆರೆದು ತಿದ್ದಲು ಬರುವ ಮೂಲ ಫೈಲುಗಳನ್ನೇ, ಫಾಂಟುಗಳ ಹೆಸರಿನ ಸಮೇತ ಕಳಿಸಿ.