ಸಲಹೆಗಾರರ ಹೆಸರಿಗಿಂತ ಮೊದಲು ಪ್ರಶ್ನೆಗಳ ಪಟ್ಟಿ

ಹೊಸದಾಗಿ ಕಂಪನಿ ಕಟ್ಟುತ್ತಿರುವವರ ಜೊತೆ ಕುಳಿತು ಅವರ ಲೆಕ್ಕ, ಅಂಜಿಕೆ, ಯೋಜನೆಗಳನ್ನು ಕೇಳಿಸಿಕೊಳ್ಳುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಮೊದಲ ಭೇಟಿಯಲ್ಲಿ ಅವರು ತೋರಿಸುವ ಸ್ಲೈಡುಗಳ ನಡುವೆ 'ನಮ್ಮ ಸಲಹೆಗಾರರು' ಎಂಬ ಪುಟವೊಂದು ಬಹುಮಟ್ಟಿಗೆ ಇದ್ದೇ ಇರುತ್ತದೆ. ದುಂಡಗೆ ಕತ್ತರಿಸಿದ ಐದಾರು ಭಾವಚಿತ್ರಗಳು, ಅವುಗಳ ಕೆಳಗೆ ದೊಡ್ಡ ದೊಡ್ಡ ಹುದ್ದೆಗಳು. ನಾನು ಆ ಪುಟದ ಮೇಲೆ ಬೆರಳಿಟ್ಟು, "ಇವರಲ್ಲಿ ಯಾರಿಗೆ, ಯಾವಾಗ, ಯಾವ ಪ್ರಶ್ನೆಯನ್ನು ಕೊನೆಯದಾಗಿ ಕೇಳಿದಿರಿ?" ಎಂದು ವಿಚಾರಿಸುತ್ತೇನೆ. ಹೆಚ್ಚಿನವರು ಒಮ್ಮೆ ನಕ್ಕು ಮುಂದಿನ ಸ್ಲೈಡಿಗೆ ಹೋಗುತ್ತಾರೆ.

ಇದರಲ್ಲಿ ಅಪ್ರಾಮಾಣಿಕತೆ ಇದೆ ಎಂದು ನಾನು ಹೇಳುತ್ತಿಲ್ಲ. ಹೂಡಿಕೆದಾರರ ಕಣ್ಣಿಗೆ ಭರವಸೆ ಹುಟ್ಟಿಸಲು ಹೆಸರುಗಳು ಬೇಕು ಎಂದು ಅವರಿಗೆ ಯಾರೋ ಹೇಳಿರುತ್ತಾರೆ, ಅವರು ಹೆಸರುಗಳನ್ನು ಕೂಡಿಸಿರುತ್ತಾರೆ. ಆದರೆ ಕ್ರಮ ತಲೆಕೆಳಗಾಗಿರುತ್ತದೆ. ಕಂಪನಿಯನ್ನು ಮುಳುಗಿಸಬಲ್ಲ ಸಂಗತಿಗಳು ಯಾವುವು ಎಂಬ ಪಟ್ಟಿ ಮೊದಲು ಸಿದ್ಧವಾಗಬೇಕು. ಆ ಪಟ್ಟಿಯಲ್ಲಿ ನಮ್ಮಿಂದ ಉತ್ತರಿಸಲಾಗದ ಸಾಲುಗಳು ಎಲ್ಲೆಲ್ಲಿವೆಯೋ ಅಲ್ಲಲ್ಲಿಗೆ ಮಾತ್ರ ಒಬ್ಬೊಬ್ಬರನ್ನು ಹುಡುಕಬೇಕು.

ಈ ಕ್ರಮ ತಪ್ಪಿದಾಗ ಏನಾಗಬಹುದು ಎಂಬುದಕ್ಕೆ ಥೆರಾನೋಸ್‌ಗಿಂತ ದೊಡ್ಡ ನಿದರ್ಶನ ನನಗೆ ಕಾಣುವುದಿಲ್ಲ. ಕೆಲವೇ ಹನಿ ರಕ್ತದಿಂದ ಹತ್ತಾರು ಪರೀಕ್ಷೆಗಳನ್ನು ಮಾಡುತ್ತೇವೆಂದು 2003ರಲ್ಲಿ ಅಮೆರಿಕದಲ್ಲಿ ಆರಂಭವಾದ ಆ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಹೆನ್ರಿ ಕಿಸಿಂಜರ್, ಜಾರ್ಜ್ ಶುಲ್ಟ್ಜ್, ವಿಲಿಯಂ ಪೆರಿ, ಜೇಮ್ಸ್ ಮ್ಯಾಟಿಸ್‌ರಂಥವರು ಕುಳಿತಿದ್ದರು. ವೈದ್ಯಕೀಯ ಹಿನ್ನೆಲೆಯವರು ಒಬ್ಬಿಬ್ಬರಿದ್ದರೂ ಮೇಲುಗೈ ರಾಜತಂತ್ರ ಮತ್ತು ಸೇನೆಯ ಹೆಸರುಗಳದ್ದೇ ಆಗಿತ್ತು. ಕಂಪನಿಯ ಅತಿ ದೊಡ್ಡ ಅಪಾಯವೋ ಒಂದೇ ಪ್ರಶ್ನೆಯಲ್ಲಿ ಅಡಗಿತ್ತು: ಯಂತ್ರ ಕೊಡುವ ಫಲಿತಾಂಶ ಸರಿಯೇ? ಪತ್ರಿಕಾ ವರದಿಗಳು 2015ರ ಅಕ್ಟೋಬರ್‌ನಲ್ಲಿ ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದ ಮೇಲೆ, 2016ರ ಏಪ್ರಿಲ್‌ನಲ್ಲಿ, ಪ್ರಯೋಗಾಲಯ ಪರಿಣತರನ್ನೊಳಗೊಂಡ ವೈಜ್ಞಾನಿಕ ಸಲಹಾ ಮಂಡಳಿಯೊಂದನ್ನು ಕಂಪನಿ ಪ್ರಕಟಿಸಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಎಂದರೆ ಇದೇ. ವಂಚನೆಯ ಆರೋಪ ಹೊತ್ತು 2018ರಲ್ಲಿ ಕಂಪನಿ ಮುಚ್ಚಿತು. ನಾನು ಭೇಟಿಯಾಗುವ ಯಾರೂ ಮೋಸಗಾರರಲ್ಲ. ಆದರೆ ಎಲ್ಲಿ ಪರಿಣತಿ ಬೇಕೋ ಅಲ್ಲಿ ಪ್ರತಿಷ್ಠೆಯನ್ನು ಕೂರಿಸುವ ತಪ್ಪನ್ನು ಮಾಡಲು ಮೋಸದ ಬುದ್ಧಿಯೇನೂ ಬೇಕಾಗಿಲ್ಲ.

ಪಟ್ಟಿ ಮಾಡಿ ಎಂದು ಹೇಳಿದರೆ ಯಾರೂ ನಿಜವಾದ ಪಟ್ಟಿಯನ್ನು ಮಾಡುವುದಿಲ್ಲ. 'ಸ್ಪರ್ಧೆ', 'ಮಾರುಕಟ್ಟೆಯ ಏರಿಳಿತ' ಎಂಬಂಥ, ಯಾವ ಕಂಪನಿಗೂ ಹೊಂದುವ ಮಾತುಗಳು ಬರುತ್ತವೆ. ಆದ್ದರಿಂದ ನಾನು ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದು ಜನಪ್ರಿಯಗೊಳಿಸಿದ 'ಪ್ರೀಮಾರ್ಟಮ್' ವಿಧಾನವನ್ನು ಬಳಸುತ್ತೇನೆ. ಸತ್ತ ಮೇಲೆ ಮಾಡುವ ಪರೀಕ್ಷೆಯನ್ನು ಸಾಯುವ ಮೊದಲೇ ಮಾಡುವುದು ಅದರ ತಿರುಳು. ಸಂಸ್ಥಾಪಕರೆಲ್ಲರಿಗೂ ಒಂದೊಂದು ಹಾಳೆ ಕೊಟ್ಟು, "ಇವತ್ತಿಗೆ ಹದಿನೆಂಟು ತಿಂಗಳು ಕಳೆದಿವೆ, ನಿಮ್ಮ ಕಂಪನಿ ಮುಚ್ಚಿಹೋಗಿದೆ, ಏಕೆ ಎಂದು ಬರೆಯಿರಿ" ಎನ್ನುತ್ತೇನೆ. 'ಮುಚ್ಚಿದರೆ' ಎನ್ನುವುದಿಲ್ಲ, 'ಮುಚ್ಚಿದೆ' ಎನ್ನುತ್ತೇನೆ. ಆ ಒಂದು ಕ್ರಿಯಾಪದದಿಂದ ಎಷ್ಟೋ ಬದಲಾಗುತ್ತದೆ: ಸೋಲಿನ ಸಾಧ್ಯತೆಯನ್ನು ಒಪ್ಪಿಕೊಳ್ಳಲು ಹಿಂಜರಿಯುವವರು ಆಗಿಹೋದ ಸೋಲಿಗೆ ಕಾರಣ ಹುಡುಕಲು ಹಿಂಜರಿಯುವುದಿಲ್ಲ. ಹತ್ತು ನಿಮಿಷ ಯಾರೂ ಮಾತನಾಡಬಾರದು, ಪಕ್ಕದವರ ಹಾಳೆ ನೋಡಬಾರದು.

ಒಮ್ಮೆ ಇಬ್ಬರು ಸಂಸ್ಥಾಪಕರು ಹೀಗೆ ಬರೆದಾಗ, ಒಬ್ಬರ ಹಾಳೆಯಲ್ಲಿ ಮೊದಲ ಸಾಲು, "ಆದಾಯದ ಅರ್ಧಕ್ಕಿಂತ ಹೆಚ್ಚು ಕೊಡುತ್ತಿದ್ದ ಗ್ರಾಹಕ ಕೈಬಿಟ್ಟ" ಎಂದಿತ್ತು. ಇನ್ನೊಬ್ಬರ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: "ನೀನು ಬೇರೆ ಕೆಲಸ ಹಿಡಿದು ಹೊರಟುಹೋದೆ." ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ನಂತರ ಹೊರಬಂದ ಸಂಗತಿಯೆಂದರೆ, ಕಂಪನಿಯನ್ನು ಸಮಪಾಲಾಗಿ ಹಂಚಿಕೊಂಡಿದ್ದ ಅವರ ನಡುವೆ ವೆಸ್ಟಿಂಗ್ ಒಪ್ಪಂದವೇ ಇರಲಿಲ್ಲ. ಸಂಸ್ಥಾಪಕರ ಷೇರುಗಳು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಅವರ ಹಕ್ಕಿಗೆ ಬರುವುದು, ಮೊದಲ ಒಂದು ವರ್ಷ ಪೂರೈಸುವ ಮೊದಲು ಬಿಟ್ಟುಹೋದವರಿಗೆ ಏನೂ ದಕ್ಕದಿರುವುದು ಬಹಳ ಕಡೆ ಬಳಕೆಯಲ್ಲಿರುವ ಏರ್ಪಾಡು. ಅದನ್ನು ಕೇಳಿದರೆ ಗೆಳೆಯನನ್ನು ಸಂಶಯಿಸಿದಂತಾಗುತ್ತದೆ ಎಂದು ಇಬ್ಬರೂ ಒಳಗೊಳಗೇ ಭಾವಿಸಿದ್ದರು. ಅವರಿಗೆ ಆ ವಾರವೇ ಬೇಕಾಗಿದ್ದವರು ಮಾರುಕಟ್ಟೆ ತಜ್ಞರಲ್ಲ, ಸ್ಲೈಡಿನಲ್ಲಿದ್ದ ಆರು ಮಂದಿಯಲ್ಲಿ ಯಾರೂ ಅಲ್ಲ. ಇಂಥ ಒಪ್ಪಂದಗಳನ್ನು ಬರೆದು ಬಲ್ಲ ಒಬ್ಬ ವಕೀಲರು.

ಹಾಳೆಗಳಲ್ಲಿ ಬಂದ ಸಾಲುಗಳನ್ನು ನಾನು ಮೂರು ಗುಂಪು ಮಾಡಿಸುತ್ತೇನೆ. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಷ್ಟು ಹಿಂದೆಯೇ ಅಳೆಯಬಹುದಾದ ಅಪಾಯವನ್ನೂ ಅಳತೆಗೆ ಸಿಗದ ಅನಿಶ್ಚಿತತೆಯನ್ನೂ ಬೇರೆಬೇರೆಯಾಗಿ ನೋಡಬೇಕೆಂದಿದ್ದರು. ನನ್ನ ವಿಂಗಡಣೆ ಅದರ ಒರಟು ರೂಪ. ಮೊದಲನೆಯ ಗುಂಪಿನವು ಎಣಿಸಿದರೆ ತಿಳಿಯುವಂಥವು: ಕೈಯಲ್ಲಿರುವ ನಗದನ್ನು ತಿಂಗಳ ನಿವ್ವಳ ಖರ್ಚಿನಿಂದ ಭಾಗಿಸಿದರೆ ಎಷ್ಟು ತಿಂಗಳ ರನ್‌ವೇ (ಹಣ ಮುಗಿಯುವವರೆಗಿನ ಕಾಲ) ಉಳಿದಿದೆ, ಒಬ್ಬ ಗ್ರಾಹಕ ತೊಂಬತ್ತು ದಿನ ತಡಮಾಡಿದರೆ ಅದು ಎಷ್ಟಕ್ಕಿಳಿಯುತ್ತದೆ. ಇದಕ್ಕೆ ಸಲಹೆಗಾರರು ಬೇಡ, ಶಿಸ್ತು ಸಾಕು. ಎರಡನೆಯ ಗುಂಪಿನವು ನಮಗೆ ಹೊಸತಾದರೂ ಬೇರೆ ಯಾರೋ ಆಗಲೇ ದಾಟಿರುವಂಥವು: ಪೇಟೆಂಟ್, ತೆರಿಗೆ, ಪರವಾನಗಿ, ದೊಡ್ಡ ಕಂಪನಿಯೊಂದಿಗೆ ಖರೀದಿ ಒಪ್ಪಂದ, ಮೊದಲ ಮಾರಾಟ ತಂಡ. ಸಲಹೆಗಾರರ ನಿಜವಾದ ಜಾಗ ಇದು. ಮೂರನೆಯ ಗುಂಪಿನವು ಇನ್ನೂ ಯಾರಿಗೂ ಗೊತ್ತಿಲ್ಲದಂಥವು. ಈ ಹೊಸ ವಸ್ತುವನ್ನು ಜನ ಕೊಳ್ಳುವರೇ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಸಂಸ್ಥಾಪಕರು ಸಲಹೆಗಾರರ ಮುಂದಿಡುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಈ ಮೂರನೆಯ ಗುಂಪಿಗೆ ಸೇರಿರುತ್ತವೆ ಎಂಬುದು ನನಗೆ ಮತ್ತೆ ಮತ್ತೆ ಕಂಡುಬಂದಿದೆ. ಅದಕ್ಕೆ ಉತ್ತರ ಹೇಳಬಲ್ಲವರು ಕೊಳ್ಳುವವರು ಮಾತ್ರ. ಅನುಭವಿಗಳು ಅಲ್ಲಿ ಹೇಳುವುದು ತಮ್ಮ ಅಭಿರುಚಿಯನ್ನು.

ಈ ಮಾತನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಹಿಂದೊಮ್ಮೆ ಒಬ್ಬ ಸಂಸ್ಥಾಪಕಿಗೆ, ಬೆಲೆ ಇಳಿಸಿದರೆ ಗ್ರಾಹಕರು ಬೇಗ ಬರುತ್ತಾರೆ ಎಂದು ಬಹಳ ಖಚಿತ ದನಿಯಲ್ಲಿ ಹೇಳಿದ್ದೆ. ನನ್ನ ಅನುಭವವಿದ್ದದ್ದು ಬೇರೆಯೇ ವ್ಯಾಪಾರದಲ್ಲಿ. ಅವರ ಗ್ರಾಹಕರಾದರೋ ಕಡಿಮೆ ಬೆಲೆಯನ್ನು ಕಂಡು ಗುಣಮಟ್ಟವನ್ನೇ ಶಂಕಿಸಿದರು. ಹಳೆಯ ಬೆಲೆಗೆ ಮರಳಲು ಅವರಿಗೆ ಹಲವು ತಿಂಗಳು ಬೇಕಾಯಿತು. ಅಂದಿನಿಂದ ನಾನು ಏನನ್ನೇ ಹೇಳುವ ಮೊದಲು, ಇದು ಸ್ವತಃ ಕಂಡದ್ದು, ಇದು ಕೇಳಿದ್ದು, ಇದು ಊಹೆ ಎಂದು ಬಿಡಿಸಿ ಹೇಳುತ್ತೇನೆ. ಇತರ ಸಲಹೆಗಾರರಿಂದಲೂ ಹಾಗೆಯೇ ಕೇಳಿ ಪಡೆಯಿರಿ ಎನ್ನುತ್ತೇನೆ. ಇಬ್ಬರು ಹಿರಿಯರು ಒಂದೇ ಪ್ರಶ್ನೆಗೆ ತದ್ವಿರುದ್ಧ ಉತ್ತರ ಕೊಟ್ಟು ಸಂಸ್ಥಾಪಕರನ್ನು ಗೊಂದಲದಲ್ಲಿ ಕೆಡವಿದಾಗ, ಯಾರು ಸರಿ ಎಂದು ತೀರ್ಮಾನಿಸಲು ಹೊರಡುವುದಕ್ಕಿಂತ, ಆ ಮಾತು ಯಾವ ಸನ್ನಿವೇಶದಲ್ಲಿ ನಿಜವಾಗಿತ್ತು ಎಂದು ಇಬ್ಬರನ್ನೂ ಕೇಳುವುದು ಹೆಚ್ಚು ಉಪಯುಕ್ತ.

ಪಟ್ಟಿಗೆ ಬಾರದ ಅಪಾಯಗಳೂ ಇರುತ್ತವೆ, ಅದನ್ನು ಒಪ್ಪಿಕೊಳ್ಳಬೇಕು. 2023ರ ಮಾರ್ಚ್ 9ರಂದು ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನದಲ್ಲಿ ಸುಮಾರು 4,200 ಕೋಟಿ ಡಾಲರ್ ಹಿಂತೆಗೆಯಲು ಠೇವಣಿದಾರರು ಮುಂದಾದರು. ಮರುದಿನ ಶುಕ್ರವಾರ ನಿಯಂತ್ರಕರು ಬ್ಯಾಂಕನ್ನು ಮುಚ್ಚಿದರು. ಅಮೆರಿಕದ ಠೇವಣಿ ವಿಮೆಯ ಮಿತಿ ಒಬ್ಬರಿಗೆ 2,50,000 ಡಾಲರ್ ಆಗಿದ್ದರೂ, ಎಷ್ಟೋ ನವೋದ್ಯಮಗಳು ತಮ್ಮ ಹಣವನ್ನೆಲ್ಲ ಅದೊಂದೇ ಖಾತೆಯಲ್ಲಿಟ್ಟಿದ್ದವು. ಎಲ್ಲ ಠೇವಣಿಗಳಿಗೂ ರಕ್ಷಣೆಯಿದೆ ಎಂಬ ಘೋಷಣೆ ಭಾನುವಾರ ಬರುವವರೆಗೆ, ಮುಂದಿನ ಸಂಬಳ ಹೇಗೆ ಕೊಡುವುದೆಂಬುದೇ ಅವರ ಚಿಂತೆಯಾಗಿತ್ತು. ಹಣವನ್ನು ಎರಡು ಬ್ಯಾಂಕುಗಳಲ್ಲಿ ಇಡಬೇಕು ಎಂಬುದು ಇಲ್ಲಿನ ಸುಲಭದ ಪಾಠ. ಅದಕ್ಕಿಂತ ನನ್ನ ಗಮನ ಹೋಗುವುದು ಬೇರೊಂದು ಕಡೆಗೆ: ಅಂಥ ಶುಕ್ರವಾರ ರಾತ್ರಿ ಕರೆ ಮಾಡಿದರೆ ಫೋನ್ ಎತ್ತುವಷ್ಟು ಸಂಬಂಧವನ್ನು ಒಬ್ಬ ಲೆಕ್ಕಪರಿಶೋಧಕರೊಂದಿಗೋ ವಕೀಲರೊಂದಿಗೋ ಮೊದಲೇ ಬೆಳೆಸಿಕೊಂಡಿರದಿದ್ದರೆ, ಅದನ್ನು ಆ ರಾತ್ರಿ ಬೆಳೆಸಲಾಗುವುದಿಲ್ಲ.

ಹಾಗಾಗಿ ಸಂಬಂಧಗಳನ್ನು ಸಣ್ಣದಾಗಿ ಆರಂಭಿಸಬೇಕು ಎನ್ನುತ್ತೇನೆ. ಮೊದಲ ಪತ್ರದಲ್ಲಿ 'ನಮ್ಮ ಸಲಹಾ ಮಂಡಳಿಗೆ ಸೇರಿ' ಎಂದು ಕೇಳುವುದು ಬೇಡ. ಒಂದು ಪ್ರಶ್ನೆ, ನಲವತ್ತು ನಿಮಿಷದ ಮಾತು. ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತೆಂದು ತಿಂಗಳೊಳಗೆ ತಿಳಿಸಬೇಕು. ಹೀಗೆ ಮೂರು ಸಲ ನಡೆದ ಮೇಲೆ, ಸಲಹೆಗೆ ಪ್ರತಿಯಾಗಿ ಷೇರು ಕೊಡುವ ಮಾತು ಬರಲಿ. ಅದಕ್ಕೊಂದು ಅಳತೆಯೂ ಇದೆ: ಹೊಸ ಸಂಸ್ಥಾಪಕರಿಗೆ ತರಬೇತಿ ಕೊಡುವ ಫೌಂಡರ್ ಇನ್‌ಸ್ಟಿಟ್ಯೂಟ್ ರೂಪಿಸಿದ ಮಾದರಿ ಒಪ್ಪಂದ, ಕಂಪನಿಯ ಹಂತ ಮತ್ತು ಸಲಹೆಗಾರರ ದುಡಿಮೆಯನ್ನು ನೋಡಿ, ಸ್ಥೂಲವಾಗಿ ಶೇಕಡಾ 0.15ರಿಂದ 1ರವರೆಗಿನ ಪಾಲನ್ನು ಎರಡು ವರ್ಷಗಳ ವೆಸ್ಟಿಂಗ್‌ನೊಂದಿಗೆ ಸೂಚಿಸುತ್ತದೆ. ಇದರ ಅನೇಕ ಪಟ್ಟು ಕೇಳುವವರು ಎದುರಾದರೆ ಎದ್ದು ಬರಬಹುದು.

ಇನ್ನೊಂದು ವ್ಯತ್ಯಾಸವನ್ನು ಹೊಸಬರು ಗಮನಿಸುವುದಿಲ್ಲ. ನಿರ್ದೇಶಕ ಮಂಡಳಿಗೆ ಕಾನೂನಿನ ಹೊಣೆಯೂ ಮತವೂ ಇವೆ. ಸಂಸ್ಥಾಪಕರನ್ನು ಹುದ್ದೆಯಿಂದ ಇಳಿಸುವ ಅಧಿಕಾರವೂ ಸಾಮಾನ್ಯವಾಗಿ ಅದಕ್ಕೆ ಇರುತ್ತದೆ. ಸಲಹೆಗಾರರಿಗೆ ಇವು ಯಾವುವೂ ಇಲ್ಲ, ಆದ್ದರಿಂದಲೇ ಅವರ ಮುಂದೆ "ನನಗೆ ನಿದ್ದೆ ಬರುತ್ತಿಲ್ಲ" ಎಂದು ಹೇಳಿಕೊಳ್ಳಲು ಸಾಧ್ಯ. ಹೂಡಿಕೆದಾರರನ್ನೇ ಏಕೈಕ ಮಾರ್ಗದರ್ಶಕರನ್ನಾಗಿ ಮಾಡಿಕೊಂಡವರು, ಮುಂದಿನ ಕಂತಿನ ಹಣ ಅದೇ ಕೈಯಿಂದ ಬರಬೇಕಾದ್ದರಿಂದ, ಕೆಟ್ಟ ಸುದ್ದಿಯನ್ನು ಆದಷ್ಟು ಮೃದುಗೊಳಿಸಿ ಹೇಳುತ್ತಾರೆ. ಅದು ಮನುಷ್ಯ ಸಹಜ.

ಆ ಇಬ್ಬರು ಸಂಸ್ಥಾಪಕರು ಈಗಲೂ ಜೊತೆಯಲ್ಲಿದ್ದಾರೆ. ಪ್ರತಿ ತಿಂಗಳು ತಮ್ಮ ಸಲಹೆಗಾರರಿಗೆ ಒಂದು ಪುಟದ ಪತ್ರ ಕಳಿಸುತ್ತಾರೆ. ಅದರಲ್ಲಿ ಕೆಟ್ಟ ಸುದ್ದಿ ಮೊದಲು ಬರುತ್ತದೆ, ನಗದಿನ ಲೆಕ್ಕ ಎರಡನೆಯದು, ಒಳ್ಳೆಯ ಸುದ್ದಿ ಕೊನೆಗೆ. ವೆಸ್ಟಿಂಗ್ ಒಪ್ಪಂದ ಮಾಡಿಕೊಂಡು, ಅಪಾಯಗಳ ಪಟ್ಟಿಯಿಂದ ಆ ಸಾಲನ್ನು ಹೊಡೆದು ಹಾಕಿದ್ದಾರೆ, ದೊಡ್ಡ ಗ್ರಾಹಕನ ಪಾಲು ಆದಾಯದ ಮೂರನೆಯ ಒಂದಕ್ಕೆ ಇಳಿದಿದೆ. ಕಳೆದ ತಿಂಗಳು ಪಟ್ಟಿಗೆ ಹೊಸ ಸಾಲೊಂದು ಸೇರಿತು: ಉತ್ಪನ್ನದ ಇಡೀ ತಿರುಳು ಒಬ್ಬ ಎಂಜಿನಿಯರರ ತಲೆಯಲ್ಲಿ ಮಾತ್ರ ಇದೆ, ಬರಹದಲ್ಲಿ ಇಲ್ಲ. ಆ ಸಾಲಿನ ಮುಂದೆ ಇನ್ನೂ ಯಾರ ಹೆಸರೂ ಇಲ್ಲ. ಮುಂದಿನ ಮಂಗಳವಾರ ಅದಕ್ಕಾಗಿಯೇ ಕೂರುವವರಿದ್ದೇವೆ.