ವಾಂಡಿವಾಶ್‌ನಲ್ಲಿ ಎರಡೂ ಕಡೆ ಐರಿಷರು

ಐರ್ಲೆಂಡಿಗೆ ಬರುವ ನಮ್ಮವರು ಡಬ್ಲಿನ್ ಸುತ್ತಿ, ಮೋಹೆರ್‌ನ ಕಡಲಬಂಡೆ ನೋಡಿ ಹೊರಟುಬಿಡುತ್ತಾರೆ. ನಡುವೆ ಲಿಮರಿಕ್‌ನಲ್ಲೂ ಇಳಿಯಿರಿ. ಪರದೇಶದ ಸೈನ್ಯಗಳಿಗೆ ಸೇರಿ, ನಮ್ಮ ತಮಿಳುನಾಡಿನ ವಾಂಡಿವಾಶ್‌ವರೆಗೂ ಬಂದು ಕಾದಾಡಿದ ಐರಿಷರ ಕಥೆ ಶುರುವಾಗುವುದು ಅಲ್ಲಿ. ಥೋಮಂಡ್ ಸೇತುವೆಯ ಹತ್ತಿರ, ನದಿಯಾಚೆಯ ಜಾನ್ ದೊರೆಯ ಕೋಟೆಗೆ ಎದುರಾಗಿ, ಪೀಠದ ಮೇಲೊಂದು ಸುಣ್ಣಕಲ್ಲಿನ ಬಂಡೆಯಿದೆ. 1691ರ ಅಕ್ಟೋಬರ್ 3ರ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದರ ಮೇಲೆಯೇ ಎನ್ನುತ್ತಾರೆ ಊರವರು.

ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸ್‌ನ ಪರ ಹೋರಾಡಿ ಸೋತ ಜಾಕೊಬೈಟ್ ಸೈನ್ಯಕ್ಕೆ ಫ್ರಾನ್ಸಿಗೆ ಹೋಗಲು ಅನುಮತಿ ಸಿಕ್ಕಿತು. ಅದರ ದಂಡನಾಯಕ ಪ್ಯಾಟ್ರಿಕ್ ಸಾರ್ಸ್‌ಫೀಲ್ಡ್‌ನ ಹಿಂದೆ ಸುಮಾರು 14,000 ಸೈನಿಕರು ಹಡಗು ಹತ್ತಿದರು. ಎರಡೇ ವರ್ಷಕ್ಕೆ, ಲಾಂಡೆನ್ ಕಾಳಗದಲ್ಲಿ ಗಾಯಗೊಂಡು ಅವನು ಸತ್ತ. ಆದರೆ ವಲಸೆ ನಿಲ್ಲಲಿಲ್ಲ. ತಾಯ್ನಾಡಿನಲ್ಲಿ ಕ್ಯಾಥೊಲಿಕರಿಗೆ ಸೇನಾಧಿಕಾರಿ ಆಗುವ ದಾರಿ ಮುಚ್ಚಿತ್ತು. ಸ್ಪೇನ್‌ನಲ್ಲಿ ಇರ್ಲಾಂಡಾ, ಹಿಬೆರ್ನಿಯಾ, ಉಲ್ತೋನಿಯಾ ಎಂಬ ಐರಿಷ್ ರೆಜಿಮೆಂಟುಗಳು 1818ರವರೆಗೂ ಇದ್ದವು. ಫ್ರಾನ್ಸಿನ ಐರಿಷರು ಕೆಂಪು ಕೋಟನ್ನು ಬಿಡಲೇ ಇಲ್ಲ. ಇಂಗ್ಲಿಷರದೂ ಕೆಂಪೇ ಆದ್ದರಿಂದ, 1745ರ ಫಾಂಟೆನಾಯ್ ಕಾಳಗದಲ್ಲಿ ಫ್ರೆಂಚ್ ಕುದುರೆ ಸವಾರರೇ ಇವರನ್ನು ಶತ್ರುಗಳೆಂದು ತಿಳಿದು ಮೇಲೆ ಬಿದ್ದರಂತೆ.

ಇವರ ದಾಖಲೆ ಹುಡುಕುವವರು ಪ್ಯಾರಿಸ್ ಪಕ್ಕದ ವಿನ್ಸೆನ್ ಕೋಟೆಯ ಸೇನಾ ದಫ್ತರಕ್ಕೆ ಹೋಗಬೇಕು. 1716ರಿಂದ ಅಲ್ಲಿ ಸೈನಿಕರ ಪಟ್ಟಿಗಳಿವೆ: ಹೆಸರು, ಹುಟ್ಟೂರು, ಎತ್ತರ. ಎಡವುವುದು ಎರಡು ಕಡೆ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಹಾಗಾಗಿ ಹೆಸರಿಗಿಂತ ಊರನ್ನು ಹಿಡಿದು ಹುಡುಕುವುದು ಲೇಸು. ಇನ್ನೊಂದು, ರೆಜಿಮೆಂಟಿಗೆ ಕರ್ನಲ್‌ನದೇ ಹೆಸರು. ಕರ್ನಲ್ ಬದಲಾದರೆ ಹೆಸರೂ ಬದಲು. ರೋಥ್ ಎಂಬುದು ರಾಸ್‌ಕಾಮನ್ ಆಗಿ, 1770ರಲ್ಲಿ ವಾಲ್ಶ್ ಆಯಿತು. ಐರಿಷ್ ರೆಜಿಮೆಂಟ್ ಎಂದಮಾತ್ರಕ್ಕೆ ಎಲ್ಲರೂ ಐರಿಷರೆಂದೂ ಅಲ್ಲ. ಶತಮಾನದ ನಡುವಿಗೆ ಐರ್ಲೆಂಡಿನಿಂದ ಬರುವವರು ಕಡಿಮೆಯಾಗಿ, ಬೇರೆ ದೇಶದವರನ್ನು ತುಂಬಿಕೊಳ್ಳುತ್ತಿದ್ದರು. ಅಧಿಕಾರಿಗಳು ಮಾತ್ರ ಹೆಚ್ಚಾಗಿ ಐರಿಷ್ ಮನೆತನದವರೇ.

ಲಾಲಿ ಅಂಥ ಒಬ್ಬ. ಹುಟ್ಟಿದ್ದು ಫ್ರಾನ್ಸಿನಲ್ಲಿ, ತಂದೆ ಗಾಲ್ವೆ ಕಡೆಯವನು. 1758ರಲ್ಲಿ ಪುದುಚೇರಿಗೆ ಫ್ರೆಂಚರ ದಂಡನಾಯಕನಾಗಿ ಬಂದ. ಅವನ ರೆಜಿಮೆಂಟೂ ಜೊತೆಗಿತ್ತು. 1760ರ ಜನವರಿ 22ರಂದು ವಾಂಡಿವಾಶ್‌ನಲ್ಲಿ ಅವನನ್ನು ಸೋಲಿಸಿದ ಇಂಗ್ಲಿಷರ ದಂಡನಾಯಕ ಐರ್ ಕೂಟ್ ಲಿಮರಿಕ್ ಸೀಮೆಯವನೇ, ಪ್ರಾಟೆಸ್ಟೆಂಟ್. ಅದೇ ವರ್ಷ ಹೈದರಲಿ ತನ್ನ ಸೇನಾನಿ ಮಖ್ದೂಮ್ ಅಲಿಯ ಕೈಯಲ್ಲಿ ಲಾಲಿಗೆ ಪಡೆ ಕಳಿಸಿದ. ಶ್ರೀರಂಗಪಟ್ಟಣದಲ್ಲಿ ಅವನ ಕೈಕೆಳಗಿದ್ದ ಖಂಡೇರಾಯ ತಿರುಗಿಬಿದ್ದದ್ದರಿಂದ ಅದನ್ನು ವಾಪಸು ಕರೆಸಿಕೊಳ್ಳಬೇಕಾಯಿತು. 1761ರ ಜನವರಿಯಲ್ಲಿ ಪುದುಚೇರಿ ಬಿತ್ತು. ಆ ಸೋಲಿಗೆ ಫ್ರಾನ್ಸ್ 1766ರಲ್ಲಿ ಲಾಲಿಯ ತಲೆಯನ್ನೇ ತೆಗೆಸಿತು, ಅನ್ಯಾಯ. ಕೂಟ್ 1781ರಲ್ಲಿ ಪೋರ್ಟೋ ನೋವೋದಲ್ಲಿ (ಪರಂಗಿಪೇಟೆ) ಹೈದರನನ್ನೂ ಸೋಲಿಸಿದ.

ಲಾಲಿಯ ರೆಜಿಮೆಂಟನ್ನು 1762ರಲ್ಲಿ ಮುಚ್ಚಿದರು. ಉಳಿದವರನ್ನು ಡಿಲನ್ ಎಂಬ ಇನ್ನೊಂದು ಐರಿಷ್ ರೆಜಿಮೆಂಟಿನ ಪಟ್ಟಿಯಲ್ಲಿ ಹುಡುಕಬೇಕು.